ಹೆಣಕ್ಕೊಂದು ವಿನಾಯಿತಿ, ಕತ್ತೆಗೊಂದು ಗೋರಿ

ನಾನು ಹುಟ್ಟು ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕು ತಿನ್ನೋಕೆ ಕಲಿತದ್ದೇ ಅಮೆರಿಕಕ್ಕೆ ಬಂದು ನಾಲ್ಕು ವರ್ಷ ಆದ ಮೇಲೆ. ಅಂಥವಳು 2018ರ ಮಾರ್ಚ್ ತಿಂಗಳ ಒಂದು ಶನಿವಾರ, ಕೊಲರಾಡೋದ ನೆಡರ್‌ಲ್ಯಾಂಡ್ ಎಂಬ ಬೆಟ್ಟದೂರಿನಲ್ಲಿ, ಬೂಟು ಹೂತುಹೋಗುವ ಕೆಸರಿನಲ್ಲಿ ನಿಂತು, ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಸಾಲ್ಮನ್ ಮೀನೊಂದನ್ನು ಬಾಲ ಹಿಡಿದು ಬೀಸಿ ಒಗೆದೆ. ಕೈಯಲ್ಲಿದ್ದದ್ದು ಅಮ್ಮ ಹೆಣೆದು ಕಳಿಸಿದ್ದ ಉಣ್ಣೆಯ ಗ್ಲೌಸು.

ಮನೆಗೆ ಬಂದು ಗ್ಲೌಸನ್ನೂ ಒಗೆದೆ. ಮೀನನ್ನು ಒಗೆದದ್ದು ಒಂದೇ ಸಲ, ಗ್ಲೌಸನ್ನು ಮೂರು ಸಲ. ಆದರೂ ಮೂಸಿದಾಗಲೆಲ್ಲ ಏನೋ ಇದ್ದ ಹಾಗೇ ಅನ್ನಿಸುತ್ತಿತ್ತು. ಅಮ್ಮ ಬರೋಕೆ ಇನ್ನು ಎರಡೇ ತಿಂಗಳು ಇದ್ದದ್ದು. ಗ್ಲೌಸನ್ನು ಕವರಿಗೆ ಹಾಕಿ, ಕವರನ್ನು ಗ್ಯಾರೇಜಿನ ಅಟ್ಟಕ್ಕೆ ಹಾಕಿ, ವಿಷಯವನ್ನು ಅಲ್ಲಿಗೇ ಮುಚ್ಚಿಟ್ಟೆ.

ಇನ್ನು ಅಲ್ಲಿಗೆ ಹೋಗಿದ್ದು ಯಾಕೆ ಅನ್ನೋದು. ಆಫೀಸಿನ ನಾಲ್ವರು ಹೊರಟಿದ್ದರು, ಕಾರಿನಲ್ಲಿ ಒಂದು ಸೀಟಿತ್ತು, ಅಷ್ಟೇ. ಹಬ್ಬದ ಹೆಸರು ಫ್ರೋಜನ್ ಡೆಡ್ ಗಯ್ ಡೇಸ್. ಕನ್ನಡಿಸಿದರೆ ‘ಹೆಪ್ಪುಗಟ್ಟಿದ ಸತ್ತವನ ಉತ್ಸವ’. ತಮಾಷೆಗೆ ಇಟ್ಟ ಹೆಸರು ಅಂದುಕೊಂಡಿದ್ದೆ. ಅಲ್ಲ. ಅಲ್ಲಿ ನಿಜವಾಗಿಯೂ ಒಬ್ಬ ಸತ್ತವನಿದ್ದ, ನಿಜವಾಗಿಯೂ ಹೆಪ್ಪುಗಟ್ಟಿದ್ದ.

ಬ್ರೇಡೊ ಮೋರ್‌ಸ್ಟೋಲ್ ನಾರ್ವೆ ದೇಶದವರು. ಹುಟ್ಟಿದ್ದು 1900ರಲ್ಲಿ. ಅಲ್ಲಿನ ಒಂದು ಪುರಸಭೆಯಲ್ಲಿ ಪಾರ್ಕುಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದು, ಸ್ಕೀಯಿಂಗು, ಮೀನು ಹಿಡಿಯೋದು, ಚಿತ್ರ ಬರೆಯೋದು ಅಂತ ನೆಮ್ಮದಿಯಾಗಿ ಬಾಳಿ, 1989ರ ನವೆಂಬರಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವರಿಗೊಬ್ಬ ಮೊಮ್ಮಗನಿದ್ದ, ಟ್ರಿಗ್ವೆ ಬೌಗೆ ಅಂತ. ಮುಂದೊಂದು ದಿನ ವೈದ್ಯಶಾಸ್ತ್ರ ಎಷ್ಟು ಮುಂದುವರಿಯುತ್ತದೆ ಅಂದರೆ ಸತ್ತವರನ್ನೂ ಎಬ್ಬಿಸಬಹುದು, ಅಲ್ಲಿಯವರೆಗೆ ದೇಹ ಕೆಡದ ಹಾಗೆ ತಣ್ಣಗಿಟ್ಟರೆ ಸಾಕು ಎಂಬುದು ಅವನ ನಂಬಿಕೆ. ಅಜ್ಜನನ್ನು ಡ್ರೈ ಐಸಿನಲ್ಲಿಟ್ಟು ಅಮೆರಿಕಕ್ಕೆ ತಂದ. ಕ್ಯಾಲಿಫೋರ್ನಿಯಾದ ಒಂದು ಶೀತಲ ಸಂಸ್ಥೆಯಲ್ಲಿ ಸುಮಾರು ಮೂರು ವರ್ಷ ಇಟ್ಟ. 1993ರಲ್ಲಿ ಅಲ್ಲಿಂದ ಬಿಡಿಸಿಕೊಂಡು ನೆಡರ್‌ಲ್ಯಾಂಡಿನ ತನ್ನ ಜಾಗಕ್ಕೆ ತಂದು, ಅರೆಬರೆ ಕಟ್ಟಿದ್ದ ಮನೆಯ ಹಿಂದಿನ ಷೆಡ್ಡಿನಲ್ಲಿಟ್ಟ. ಸ್ವಂತ ಶೀತಲ ಕೇಂದ್ರವನ್ನೇ ಕಟ್ಟುವ ಯೋಜನೆ ಅವನದು.

ಅಷ್ಟರಲ್ಲಿ ವೀಸಾ ಅವಧಿ ಮುಗಿದಿದ್ದವನನ್ನು ಸರ್ಕಾರ ನಾರ್ವೆಗೆ ವಾಪಸು ಕಳಿಸಿತು. (ವೀಸಾ ಅಂದ ಕೂಡಲೇ ಆ ಕಾರಿನಲ್ಲಿದ್ದ ನಾವಿಬ್ಬರು ಭಾರತೀಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.) ಉಳಿದದ್ದು ಅವನ ತಾಯಿ, ಅಂದರೆ ಹೆಣದ ಮಗಳು, ಔಡ್. ಕರೆಂಟಿಲ್ಲದ, ನೀರಿನ ನಲ್ಲಿಯಿಲ್ಲದ ಆ ಮನೆಯಲ್ಲಿ ವಾಸ ಮಾಡುವಂತಿಲ್ಲ ಎಂದು ಊರಿನ ಆಡಳಿತ ಅವರನ್ನು ಎಬ್ಬಿಸಲು ಹೊರಟಿತು. ಆಗ ಆಕೆ ಒಬ್ಬ ಪತ್ರಕರ್ತರ ಹತ್ತಿರ, ‘ನಾನು ಹೊರಟುಹೋದರೆ ನಮ್ಮಪ್ಪ ಕರಗಿಹೋಗುತ್ತಾರಲ್ಲ’ ಎಂಬ ಅರ್ಥದ ಚಿಂತೆ ಹೇಳಿಕೊಂಡರು. ಷೆಡ್ಡಿನಲ್ಲಿ ಹೆಣ ಇರುವ ವಿಷಯ ಊರಿಗೆ ಗೊತ್ತಾದದ್ದೇ ಹೀಗೆ.

ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದದ್ದು ಮುಂದಿನದು. ಊರಿನವರು ಗಾಬರಿಬಿದ್ದು ತಕ್ಷಣ ಒಂದು ಕಾನೂನು ಮಾಡಿದರು: ಮನುಷ್ಯನದಾಗಲಿ ಪ್ರಾಣಿಯದಾಗಲಿ, ಸತ್ತ ದೇಹವನ್ನು, ಅಥವಾ ಅದರ ಯಾವುದೇ ಭಾಗವನ್ನು, ಯಾರೂ ತಮ್ಮ ಜಾಗದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಕ್ಷರಶಃ ಓದಿದರೆ ಫ್ರಿಜ್ಜಿನಲ್ಲಿ ಕೋಳಿ ಇಟ್ಟವರೆಲ್ಲ ಅಪರಾಧಿಗಳೇ. ನನ್ನಂಥ ಪುಳಿಚಾರಿನವಳೊಬ್ಬಳು ಆ ಊರಿನಲ್ಲಿ ನಿರ್ಭಯವಾಗಿ ಬದುಕಬಹುದು! ಆದರೆ ಅಷ್ಟು ಹೊತ್ತಿಗೆ ಹೆಣದ ಸುದ್ದಿ ದೇಶವೆಲ್ಲ ಹರಡಿಬಿಟ್ಟಿತ್ತು. ಹಾಗಾಗಿ ಯಾರಿಂದಾಗಿ ಈ ಕಾನೂನು ಬಂತೋ ಅವರೊಬ್ಬರಿಗೆ ಮಾತ್ರ ವಿನಾಯಿತಿ ಕೊಟ್ಟರು. ಕಾನೂನಿಗೆ ಮುಂಚೆಯೇ ಇದ್ದದ್ದಕ್ಕೆ ಕೊಡುವ ಇಂಥ ವಿನಾಯಿತಿಗೆ ಇಂಗ್ಲಿಷಿನಲ್ಲಿ ‘ಅಜ್ಜನ ಕಲಮು’ ಎಂದೇ ಹೆಸರು. ಇಲ್ಲಿ ಅಜ್ಜನೇ ಮಲಗಿದ್ದ.

1995ರಲ್ಲಿ ಷೆಡ್ಡು ತಯಾರಿಸುವ ಒಂದು ಕಂಪನಿ ಹೊಸ ಷೆಡ್ಡನ್ನೂ ಕಟ್ಟಿಕೊಟ್ಟಿತು. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡು. ಮೈನಸ್ 78 ಡಿಗ್ರಿ. ಅದು ಕರಗಿ ನೀರಾಗುವುದಿಲ್ಲ, ನೇರ ಆವಿಯಾಗಿ ಹೋಗುತ್ತದೆ. ಆದ್ದರಿಂದ ಆಗಾಗ ಒಬ್ಬರು ಸುಮಾರು 1,600 ಪೌಂಡು, ಅಂದರೆ 700 ಕೆಜಿಗೂ ಮೇಲೆ, ಡ್ರೈ ಐಸನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಬೆಟ್ಟ ಹತ್ತಿ ಬಂದು ಪೆಟ್ಟಿಗೆಯ ಸುತ್ತ ತುಂಬಬೇಕು. ಮೊಮ್ಮಗ ನಾರ್ವೆಯಿಂದ ದುಡ್ಡು ಕಳಿಸುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು.

2002ರಲ್ಲಿ ಊರಿನ ವ್ಯಾಪಾರಿಗಳಿಗೆ ಒಂದು ಯೋಚನೆ ಬಂತು. ಇಲ್ಲಿನ ಬೆಟ್ಟದೂರುಗಳಿಗೆ ಮಾರ್ಚ್ ಬಹಳ ದರಿದ್ರ ತಿಂಗಳು. ಹಿಮದ ಆಟ ಮುಗಿಯುತ್ತಾ ಬಂದಿರುತ್ತದೆ, ಬೇಸಿಗೆ ದೂರ ಇರುತ್ತದೆ, ಬೀದಿಯೆಲ್ಲ ರಾಡಿ. ‘ಮಡ್ ಸೀಸನ್’ ಅಂತಲೇ ಕರೆಯುತ್ತಾರೆ. ಹೇಗಿದ್ದರೂ ಊರಲ್ಲೊಂದು ಹೆಣ ಇದೆ, ಅದರ ಹೆಸರಲ್ಲಿ ಜನ ಕರೆದರೆ ಹೇಗೆ?

ಜನ ಬಂದರು. ಸುಮಾರು 1,500 ಜನರಿರುವ ಊರಿಗೆ ಅದರ ಹತ್ತು ಪಟ್ಟಿಗೂ ಹೆಚ್ಚು. ನಾವು ಬೌಲ್ಡರಿನ ಕಡಿದಾದ ಕಣಿವೆ ಹತ್ತಿ ಹೋದಾಗ ಕಾರು ನಿಲ್ಲಿಸಲು ಊರಾಚೆ ಒಂದು ಮೈಲಿ ದೂರದಲ್ಲಿ ಜಾಗ ಸಿಕ್ಕಿತು. ನೆಡರ್‌ಲ್ಯಾಂಡ್ ಅಂದರೆ ‘ತಗ್ಗು ಪ್ರದೇಶ’. ಇನ್ನೂ ಮೇಲಿನ ಬೆಳ್ಳಿ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರಿಗೆ ಇದು ತಗ್ಗು. ನನಗೆ 8,200 ಅಡಿಯಲ್ಲಿ ಆ ಒಂದು ಮೈಲಿ ನಡೆಯೋದ್ರಲ್ಲಿ ಉಸಿರು ಬಾಯಿಗೆ ಬಂತು.

ಅಲ್ಲಿ ಕಂಡದ್ದು: ಆರು ಜನ ಹೊತ್ತು, ಏಳನೆಯವನು ಒಳಗೆ ಹೆಣವಾಗಿ ಕೂತು, ಕೆಸರು ಹಿಮದ ಗುಡ್ಡೆಗಳ ಮೇಲೆ ಓಡುವ ಶವಪೆಟ್ಟಿಗೆ ರೇಸು. ಮಧ್ಯದಲ್ಲಿ ಪೆಟ್ಟಿಗೆ ಮಗುಚಿದರೆ ಹೆಣವೇ ಎದ್ದು ಬೈದು ಮತ್ತೆ ಒಳಗೆ ಹೋಗಿ ಕೂರುತ್ತದೆ. ಮಡಿಸಿ ಹೆಪ್ಪುಗಟ್ಟಿಸಿದ ಟೀ ಷರ್ಟನ್ನು ಬಿಡಿಸಿ ಯಾರು ಮೊದಲು ತೊಡುತ್ತಾರೆ ಅನ್ನೋ ಪಂದ್ಯ. ಒಬ್ಬ ಅದನ್ನು ಬಗ್ಗಿ ತೊಡೆಗೆ ಬಡಿದು ಬಡಿದು ಒಡೆಯುತ್ತಿದ್ದ, ಅಗಸರ ಕಟ್ಟೆಯಲ್ಲಿ ನಿಂತ ಹಾಗೆ. ಬೌಲಿಂಗ್ ಚೆಂಡಿನ ಬದಲು ಉರುಳಿಸುವ ಟರ್ಕಿ ಕೋಳಿ. ಐಸು ಒಡೆದು ಮಾಡಿದ ಗುಂಡಿಯ ನೀರಿಗೆ ಚಿತ್ರವಿಚಿತ್ರ ವೇಷದಲ್ಲಿ ಹಾರುವವರು. ಇದಕ್ಕೊಂದು ಹಿನ್ನೆಲೆಯೂ ಇದೆ, ಆ ಮೊಮ್ಮಗನಿಗೆ ತಣ್ಣೀರಿನ ಸ್ನಾನದ ಹುಚ್ಚು. ಬೌಲ್ಡರಿನಲ್ಲಿ ಹೊಸವರ್ಷದ ದಿನ ಕೊರೆಯುವ ನೀರಿಗೆ ಹಾರುವ ರೂಢಿ ಶುರುಮಾಡಿದ್ದೇ ಅವನು. ಕೊನೆಗೆ ಮೀನು. ‘ನೀನು ಹಾರಲ್ಲ, ಓಡಲ್ಲ, ಇದನ್ನಾದರೂ ಮಾಡು’ ಎಂದು ಆಫೀಸಿನವರು ನನ್ನನ್ನು ಮುಂದೆ ತಳ್ಳಿದರು. ಮುಂದಿನದು ನಿಮಗೆ ಗೊತ್ತು. ಒಬ್ಬರು ಫೋಟೋ ಬೇರೆ ತೆಗೆದರು.

ಅಮ್ಮ ಮೇ ತಿಂಗಳಲ್ಲಿ ಬಂದಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರಾದವಳು. ಮನೆಯಲ್ಲಿ ಕೂರಿಸಿದರೆ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಾಯಿಸುತ್ತಾಳೆ ಎಂಬ ಭಯಕ್ಕೆ ಪ್ರತಿ ಶನಿವಾರ ಎಲ್ಲಾದರೂ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡ ಬೆಟ್ಟ, ಸರೋವರ ಎಲ್ಲ ಒಂದು ತಿಂಗಳಿಗೆ ಮುಗಿದವು. ‘ಚೆನ್ನಾಗಿದೆ, ಆದ್ರೆ ಜನಾನೇ ಇಲ್ವಲ್ಲೇ’ ಅಂದಳು. ಜುಲೈ ಕೊನೆಯ ವಾರ ಫೇರ್‌ಪ್ಲೇ ಅನ್ನೋ ಊರಿನ ಕತ್ತೆ ಹಬ್ಬಕ್ಕೆ ಕರೆದೊಯ್ದೆ.

ಡೆನ್ವರಿನಿಂದ ನೈಋತ್ಯಕ್ಕೆ ಹೋಗುವ 285ನೇ ಹೆದ್ದಾರಿಯಲ್ಲಿ ಕೆನೋಷಾ ಘಾಟಿ ದಾಟಿದರೆ ಒಮ್ಮೆಲೇ ಬಟಾಬಯಲು ಬಿಚ್ಚಿಕೊಳ್ಳುತ್ತದೆ, ಸುತ್ತ ಬೆಟ್ಟದ ಗೋಡೆ. ಅದರ ಆ ಮೂಲೆಯಲ್ಲಿ, 9,953 ಅಡಿ ಎತ್ತರದಲ್ಲಿ, ಫೇರ್‌ಪ್ಲೇ. ಅಮ್ಮನಿಗೆ ಎರಡು ಬಾಟಲಿ ನೀರು ಕುಡಿಸಿ, ಮೆತ್ತಗೆ ನಡೆಸಿಕೊಂಡು ಹೋದೆ. ಬೀದಿಯುದ್ದಕ್ಕೂ ಕತ್ತೆ. ಒಂದಕ್ಕೆ ಹೂವಿನ ಟೋಪಿ, ಇನ್ನೊಂದಕ್ಕೆ ಬಣ್ಣದ ಕಾಲುಚೀಲ. ಒಬ್ಬನ ಅಂಗಿಯ ಬೆನ್ನ ಮೇಲೆ ಆ ಓಟದ ಘೋಷವಾಕ್ಯ. ಇಂಗ್ಲಿಷಿನಲ್ಲಿ ಕತ್ತೆಗೂ ಕುಂಡೆಗೂ ಒಂದೇ ಪದ ಆದ್ದರಿಂದ ‘ನಿನ್ನ ಅದನ್ನು ಘಾಟಿ ಹತ್ತಿಸು’ ಎಂಬುದಕ್ಕೆ ಎರಡು ಅರ್ಥ. ಅಮ್ಮ ಅದನ್ನೇ ದಿಟ್ಟಿಸುತ್ತಿದ್ದಳು. ನಾನು ಬೇರೆ ಕಡೆ ಏನೋ ತೋರಿಸೋಕೆ ಹೋದೆ.

‘ಮುಚ್ಚಿಡ್ಬೇಡ್ವೇ. ಮೂವತ್ತು ವರ್ಷ ಹತ್ತನೇ ಕ್ಲಾಸಿನ ಹುಡುಗರಿಗೆ ಪಾಠ ಮಾಡಿದೀನಿ. ಬೆಂಚಿನ ಮೇಲೆ ಇದಕ್ಕಿಂತ ಚೆನ್ನಾಗಿ ಬರೀತಿದ್ರು.’

ಓಟದ ನಿಯಮಗಳನ್ನು ಕೇಳಿ ಅಮ್ಮ ಸೋತೇಹೋದಳು. ಮನುಷ್ಯ ಕತ್ತೆಯ ಜೊತೆ ಓಡಬೇಕು, ಮೇಲೆ ಹತ್ತುವಂತಿಲ್ಲ. ನಡುವೆ ಹೆಚ್ಚೆಂದರೆ 15 ಅಡಿಯ ಹಗ್ಗ. ಕತ್ತೆಯ ಬೆನ್ನಿಗೆ ಕಡಿಮೆಯೆಂದರೆ 33 ಪೌಂಡಿನ ಹೊರೆ, ಅದರಲ್ಲಿ ಪಿಕಾಸಿ, ಸಲಿಕೆ, ಚಿನ್ನ ಜಾಲಿಸುವ ತಟ್ಟೆ ಇರಲೇಬೇಕು. ಹಿಂದಿನಿಂದ ದೂಡಬಹುದು, ಮುಂದಿನಿಂದ ಎಳೆಯಬಹುದು, ಕೈಲಾದರೆ ಹೊತ್ತುಕೊಂಡೂ ಹೋಗಬಹುದು. ಉದ್ದದ ಓಟ 29 ಮೈಲಿ. 13,000 ಅಡಿ ದಾಟುವ ಮಸ್ಕೀಟೋ ಘಾಟಿಗೆ ಹತ್ತಿ ಇಳಿಯುವುದು. ಗೆದ್ದವರು ಯಾರು ಅನ್ನೋದನ್ನು ತೀರ್ಮಾನಿಸುವುದು ಮನುಷ್ಯನ ಕಾಲಲ್ಲ, ಗೆರೆ ದಾಟಿದ ಕತ್ತೆಯ ಮೂಗು.

ಹಿಂದೆ ಇಬ್ಬರು ಗಣಿಗಾರರಿಗೆ ಒಂದೇ ಜಾಗದಲ್ಲಿ ಚಿನ್ನ ಸಿಕ್ಕಿತಂತೆ. ಯಾರು ಮೊದಲು ಕಚೇರಿಗೆ ಹೋಗಿ ದಾಖಲಿಸುತ್ತಾರೋ ಜಾಗ ಅವರದ್ದು. ಕತ್ತೆಗಳ ಮೇಲೆ ಸಾಮಾನಿದ್ದದ್ದರಿಂದ ಹತ್ತಿ ಕೂರೋ ಹಾಗಿಲ್ಲ, ಪಕ್ಕದಲ್ಲೇ ಓಡಿದರಂತೆ. ಇದು ಬರೀ ಐತಿಹ್ಯ. ಪಂದ್ಯವಾಗಿ ಶುರುವಾದದ್ದು 1949ರಲ್ಲಿ, ಘಾಟಿಯ ಆಚೆಯ ಲೆಡ್‌ವಿಲ್ ಊರಿನಿಂದ ಈಚೆಯ ಫೇರ್‌ಪ್ಲೇಗೆ. 2012ರಲ್ಲಿ ರಾಜ್ಯ ಸರ್ಕಾರ ಇದನ್ನು ಬೇಸಿಗೆಯ ಅಧಿಕೃತ ಪಾರಂಪರಿಕ ಕ್ರೀಡೆ ಎಂದು ಘೋಷಿಸಿತು.

ಬಂದೂಕಿನ ಸದ್ದಿಗೆ ಓಟ ಶುರುವಾಯಿತು. ಅಂದರೆ ಮನುಷ್ಯರಿಗೆ ಶುರುವಾಯಿತು. ಕತ್ತೆಗಳಲ್ಲಿ ಅರ್ಧ ಧೂಳೆಬ್ಬಿಸಿಕೊಂಡು ಹೋದವು. ಒಂದು ಹೋಗಿ ಅಂಗಡಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ನಿಂತಿತು. ನಮ್ಮೆದುರಿಗೇ ಬೂದುಬಣ್ಣದ್ದೊಂದು ನಾಲ್ಕು ಹೆಜ್ಜೆ ಇಟ್ಟು ಕಾಲೂರಿ ನಿಂತುಬಿಟ್ಟಿತು. ಅದರ ಜೊತೆಯ ಹೆಂಗಸು, ಐವತ್ತರ ಮೇಲಿರಬೇಕು, ಬೈಯಲಿಲ್ಲ, ಹೊಡೆಯಲಿಲ್ಲ. ಅದರ ಕುತ್ತಿಗೆಗೆ ಒರಗಿ ಏನೋ ಮಾತಾಡುತ್ತ ನಿಂತಳು. ಐದು ನಿಮಿಷ, ಹತ್ತು ನಿಮಿಷ. ಮುಂದಿನವರು ಬೆಟ್ಟದ ಬುಡ ಸೇರಿದ್ದರು. ಯಾವುದೋ ಗಳಿಗೆಯಲ್ಲಿ ಕತ್ತೆಗೆ ಏನನ್ನಿಸಿತೋ, ಹೊರಟಿತು. ಹಗ್ಗದ ತುದಿಯಲ್ಲಿ ಆಕೆಯೂ ಹೊರಟಳು. ಬೀದಿಯಲ್ಲಿದ್ದವರೆಲ್ಲ ಗೆದ್ದವರಿಗೆ ಹೊಡೆಯದಷ್ಟು ಚಪ್ಪಾಳೆ ಹೊಡೆದರು. ಅಮ್ಮ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ, ನನ್ನ ಮೂವತ್ತಾರನೇ ವಯಸ್ಸಿನಲ್ಲಿ.

ಅದೇ ಊರಿನ ಮುಖ್ಯ ಬೀದಿಯಲ್ಲಿ ಒಂದು ಕತ್ತೆಯ ಸ್ಮಾರಕವಿದೆ. ಪ್ರೂನ್ಸ್ ಅಂತ ಹೆಸರು. 1867ರಿಂದ 1930. ಕಲ್ಲಿನ ಮೇಲೆ ಅವನ ಹೆಸರು, ಹುಟ್ಟು ಸಾವಿನ ಇಸವಿ, ಮತ್ತು ‘ಈ ಸೀಮೆಯ ಎಲ್ಲ ಗಣಿಗಳು’ ಎಂದು ಕೆಲಸ ಮಾಡಿದ ವಿವರ; ಸರ್ವಿಸ್ ರಿಜಿಸ್ಟರಿನ ಹಾಗೆ. ಕೆಲಸ ಮುಗಿದ ಮೇಲೆ ಆ ಮುದಿಕತ್ತೆ ಊರಿನ ಮನೆಗಳ ಅಡುಗೆಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತಂತೆ, ಯಾರೂ ಬರಿಬಾಯಲ್ಲಿ ಕಳಿಸುತ್ತಿರಲಿಲ್ಲವಂತೆ. ಅವನ ಯಜಮಾನ ರೂಪರ್ಟ್ ಶೆರ್ವುಡ್ ಮರುವರ್ಷವೇ ತೀರಿಕೊಂಡ. ಅವನ ಕೋರಿಕೆಯಂತೆ ಬೂದಿಯನ್ನು ಕತ್ತೆಯ ಗೋರಿಯ ಹಿಂಬದಿಯಲ್ಲಿ ಹೂತರು. ಅಮ್ಮ ಅದನ್ನು ಎರಡು ಸಲ ಓದಿ, ‘ಪೆನ್ಷನ್ ಅಂದ್ರೆ ಇದು ಕಣೇ’ ಅಂದಳು.

ಅಕ್ಟೋಬರ್ ಕೊನೆಗೆ ಮ್ಯಾನಿಟೂ ಸ್ಪ್ರಿಂಗ್ಸ್. ಹ್ಯಾಲೋವೀನ್ ಹಬ್ಬಕ್ಕೆ ಮೊದಲಿನ ಶನಿವಾರ ಅಲ್ಲೂ ಶವಪೆಟ್ಟಿಗೆ ರೇಸು, ಆದರೆ ಬೇರೆ ಹೆಣ. ಎಮ್ಮಾ ಕ್ರಾಫರ್ಡ್ ಎಂಬ ಹುಡುಗಿ ಕ್ಷಯದಿಂದ ಗುಣವಾಗಲೆಂದು ಆ ಊರಿನ ಖನಿಜದ ಊಟೆಗಳನ್ನು ನಂಬಿ ಬಂದಿದ್ದಳು. ಗುಣವಾಗಲಿಲ್ಲ, 1891ರಲ್ಲಿ ಸತ್ತಳು. ರೆಡ್ ಮೌಂಟನ್ ಎಂಬ ಗುಡ್ಡದ ತುದಿಯಲ್ಲಿ ಹೂಳಬೇಕೆಂಬ ಆಸೆಯಂತೆ, ಗಂಡಸರು ಹೊತ್ತುಕೊಂಡು ಹೋಗಿ ಅಲ್ಲೇ ಹೂತರು. ನಂತರ ಆ ತುದಿಯಲ್ಲಿ ರೈಲಿನ ಕಾಮಗಾರಿ ಬಂತೆಂದು ಗೋರಿಯನ್ನು ಪಕ್ಕಕ್ಕೆ ಸರಿಸಿದರು. ಅಲ್ಲಿನ ನೆಲ ಸಡಿಲ. 1929ರ ಮಳೆಗೆ ಪೆಟ್ಟಿಗೆ ಜಾರಿ ಗುಡ್ಡದ ಇಳಿಜಾರಿನಲ್ಲಿ ಬಂದಿತು. ಸಿಕ್ಕಿದ್ದು ಕೆಲವು ಮೂಳೆ, ಪೆಟ್ಟಿಗೆಯ ಹಿಡಿಕೆ, ಹೆಸರಿನ ಫಲಕ.

ಈಗ ಆ ಜಾರುವಿಕೆಯನ್ನೇ ರೇಸು ಮಾಡಿದ್ದಾರೆ. ಚಕ್ರ ಹಾಕಿದ ಪೆಟ್ಟಿಗೆ, ನಾಲ್ವರು ತಳ್ಳುವವರು, ಒಳಗೊಬ್ಬ ಎಮ್ಮಾ. ಆ ‘ಎಮ್ಮಾ’ಗಳಲ್ಲಿ ಗಡ್ಡ ಬಿಟ್ಟವರೂ ಇದ್ದರು, ಬಿಳಿ ಗೌನಿನಲ್ಲಿ. ಗದ್ದಲ, ನಗು, ಬಿಯರಿನ ವಾಸನೆ. ನನಗೆ ಖುಷಿಯಾಗುತ್ತಿತ್ತು. ಅಮ್ಮನಿಗೆ ಆಗಲಿಲ್ಲ.

‘ಆ ಮುದುಕಂದು ಬೇರೆ ಕಥೆ. ಇದು ಸಣ್ಣ ಹುಡುಗಿ ಕಣೇ. ಅದರ ತಾಯಿ ನೋಡಿದ್ರೆ?’

ಹೀಗೆ ಕೇಳಿದ ಮೇಲೆ ನನಗೂ ಮೊದಲಿನ ಹಾಗೆ ನಗಲಾಗಲಿಲ್ಲ. ಇದೇ ಪ್ರಶ್ನೆ ಮುಂದೆಯೂ ಕಾಡಿತು: ಯಾರ ದುರ್ಗತಿ ತಮಾಷೆಯಾಗಬಹುದು, ಎಷ್ಟು ವರ್ಷ ಕಳೆದ ಮೇಲೆ? ಅಮ್ಮನಿಗೆ ನೆಡರ್‌ಲ್ಯಾಂಡಿನ ಮುದುಕನ ಕಥೆ ಅಷ್ಟು ಹೊತ್ತಿಗೆ ಹೇಳಿಯಾಗಿತ್ತು (ಮೀನಿನ ಭಾಗ ಬಿಟ್ಟು). ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳೇ ಇಲ್ಲಿ ಮುಖ ಚಿಕ್ಕದು ಮಾಡಿದಳು. ಅವಳ ಲೆಕ್ಕದಲ್ಲಿ ಎಂಬತ್ತೊಂಬತ್ತು ವರ್ಷ ಬದುಕಿದವನ ಹೆಸರಲ್ಲಿ ಎಷ್ಟು ಬೇಕಾದರೂ ಕುಣಿಯಬಹುದು.

ಫ್ರೂಟಾ ಊರಿನ ತಲೆಯಿಲ್ಲದ ಕೋಳಿ ಮೈಕನ ಹಬ್ಬಕ್ಕೆ ಬರೋಲ್ಲ ಅಂತ ಅಮ್ಮ ಖಡಾಖಂಡಿತ ಹೇಳಿದ್ದಳು, ಹೋಗಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಒಬ್ಬ ರೈತ ಊಟಕ್ಕೆಂದು ಹುಂಜದ ಕತ್ತು ಕಡಿದ. ಏಟು ಸ್ವಲ್ಪ ಮೇಲೆ ಬಿದ್ದು, ಮುಖ್ಯ ರಕ್ತನಾಳ ಉಳಿದು, ಮಿದುಳಿನ ಬುಡವೂ ಬಹುಪಾಲು ಉಳಿದು, ಆ ಹುಂಜ 18 ತಿಂಗಳು ಬದುಕಿತು. ಕತ್ತಿನ ರಂಧ್ರಕ್ಕೆ ಹನಿಹನಿಯಾಗಿ ಹಾಲು ನೀರು ಬಿಟ್ಟು ಸಾಕಿದರು, ಊರೂರು ತಿರುಗಿಸಿ ದುಡ್ಡು ಮಾಡಿದರು. ಕೊಲರಾಡೋದ ಪಶ್ಚಿಮದ ಅಂಚಿನ ಆ ಊರು 1999ರಿಂದ ಅವನ ಹೆಸರಲ್ಲಿ ಹಬ್ಬ ಮಾಡುತ್ತಿದೆ. ಅಲ್ಲಿ ಕೋಳಿಯ ರೆಕ್ಕೆಗಳನ್ನು ತಿನ್ನುವ ಪಂದ್ಯವೂ ಇದೆ ಅನ್ನೋದು ನನಗೆ ಸ್ವಲ್ಪ ಹೆಚ್ಚೇ ಅನ್ನಿಸಿತು.

ಅಮ್ಮ ವಾಪಸು ಹೋದಳು. ಮಧ್ಯೆ ಕೋವಿಡ್ ಬಂದು ಹಬ್ಬಗಳೆಲ್ಲ ನಿಂತವು, ಮತ್ತೆ ಶುರುವಾದವು. ನೆಡರ್‌ಲ್ಯಾಂಡಿನಲ್ಲಿ 2022ರದ್ದೇ ಕೊನೆ. ಬರುವ ಜನ, ಪಾರ್ಕಿಂಗು, ಗಲೀಜು ಎಲ್ಲ ಊರಿಗೆ ಭಾರವಾಗಿ, ನಡೆಸುವವರಿಗೂ ಊರಿಗೂ ಹೊಂದಾಣಿಕೆಯಾಗದೆ, ಹಬ್ಬ ಗಂಟುಮೂಟೆ ಕಟ್ಟಿತು. ಅದರ ಹಕ್ಕನ್ನು ಎಸ್ಟಿಸ್ ಪಾರ್ಕ್ ಎಂಬ ಇನ್ನೊಂದು ಬೆಟ್ಟದೂರಿನ ಸ್ಟ್ಯಾನ್ಲಿ ಹೋಟೆಲಿನ ಮಾಲೀಕರು ಕೊಂಡರು. 2023ರ ಮಾರ್ಚಿನಿಂದ ಶವಪೆಟ್ಟಿಗೆ ರೇಸು ಅಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಆಲ್ಕೋರ್ ಎಂಬ ಶೀತಲೀಕರಣ ಸಂಸ್ಥೆಯವರು ಷೆಡ್ಡಿಗೆ ಬಂದು ಅಜ್ಜನನ್ನೂ ಎಸ್ಟಿಸ್ ಪಾರ್ಕಿಗೇ ಸಾಗಿಸಿದರು.

ಸುದ್ದಿ ಓದಿ ನನಗೆ ಯಾಕೋ ಸಿಟ್ಟು ಬಂತು. ಹಬ್ಬ ಮಾರಾಟಕ್ಕೆ ಸಿಗುತ್ತದಾ? ಜಾತ್ರೆಯ ತೇರನ್ನೂ ದೇವರನ್ನೂ ಪಕ್ಕದ ಊರಿನವರು ಕೊಂಡುಕೊಂಡು ಹೋದ ಹಾಗೆ. ಮೂವತ್ತು ವರ್ಷ ಮಂಜುಗಡ್ಡೆ ಹೊತ್ತದ್ದು ಒಂದೂರು, ಕಾನೂನು ಮಾಡಿ ಆ ಕಾನೂನಿಗೇ ತೂತು ಕೊರೆದದ್ದು ಒಂದೂರು, ಟಿಕೆಟ್ ಹರಿಯುವುದು ಇನ್ನೊಂದೂರು. ನನ್ನ ಗಂಡನ ವಾದ ಬೇರೆ: ‘ಟಾಯ್ಲೆಟ್ಟಿಗೆ ಒಂದು ಗಂಟೆ ಕ್ಯೂ ನಿಂತಿದ್ದೆ ಅಂತ ನೀನೇ ಬೈದುಕೊಂಡಿದ್ದೆ. ಆ ಊರಿನವರಿಗೂ ಸಾಕಾಗಿರುತ್ತೆ ಬಿಡು.’ ಅದೂ ನಿಜವೇ. ಆದರೂ.

2024ರ ಬೇಸಿಗೆಯಲ್ಲಿ ಅಮ್ಮ ಎರಡನೇ ಸಲ ಬಂದಳು. ಮಂಡಿ ಆಪರೇಷನ್ ಆಗಿತ್ತು, ಕೈಯಲ್ಲಿ ಕೋಲು. ಬಂದ ವಾರಕ್ಕೇ ಕೇಳಿದಳು, ‘ಆ ಐಸಿನ ಮುದುಕ ಹೇಗಿದಾನೆ?’ ಮೊದಲ ಸಲ ನೋಡಿಸಲು ಆಗಿರಲಿಲ್ಲ. ಷೆಡ್ಡು ಖಾಸಗಿ ಜಾಗ. ಈಗ ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಹೋಗಬಹುದು.

ಸ್ಟ್ಯಾನ್ಲಿ 1909ರಲ್ಲಿ ತೆರೆದ ಬಿಳಿಯ ದೊಡ್ಡ ಹೋಟೆಲು, ದೆವ್ವದ ಕಥೆಗಳಿಗೆ ಹೆಸರಾದದ್ದು. ಅದರ ಹಳೆಯ ಐಸ್ ಹೌಸನ್ನು, ಹಿಂದೆ ಮಂಜುಗಡ್ಡೆ ಇಡುತ್ತಿದ್ದ ಕಟ್ಟಡವನ್ನು, ಈಗ ಶೀತಲೀಕರಣದ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಹೊಳೆಯುವ ಸ್ಟೀಲಿನ ಎತ್ತರದ ಸಿಲಿಂಡರು. ಅದರಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ಅದರೊಳಗೆ ಅಜ್ಜ. ಡ್ರೈ ಐಸಿನ ಕಾಲ ಮುಗಿಯಿತು. ಆಲ್ಕೋರಿನವರ ಪದ್ಧತಿಯಲ್ಲಿ ಪೂರ್ತಿ ದೇಹವನ್ನು ತಲೆ ಕೆಳಗಾಗಿ ಇಡುತ್ತಾರೆ; ಎಂದಾದರೂ ಸಾರಜನಕ ಸೋರಿ ಕಡಿಮೆಯಾದರೂ ಮಿದುಳು ಕಟ್ಟಕಡೆಗೆ ಬಿಸಿಯಾಗಲಿ ಅಂತ. ಇದನ್ನು ಹೇಳಿದಾಗ ಅಮ್ಮ ಸಿಲಿಂಡರನ್ನು ಮೇಲಿಂದ ಕೆಳಗೆ ನೋಡಿ, ‘ಶೀರ್ಷಾಸನದಲ್ಲಿ ಇಟ್ಟಿದಾರಾ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಎದ್ದು ಬಂದ್ರೆ ಗುರುತು ಹಿಡಿಯೋರು ಯಾರಿರ್ತಾರೆ ಪಾಪ? ಇಲ್ಲಿನ ಭಾಷೆನೂ ಬರೋಲ್ವೇನೋ.’

ಎಲ್ಲ ಚೊಕ್ಕಟವಾಗಿತ್ತು. ದೀಪ, ಫಲಕ, ಮಾತು ಬಲ್ಲ ಗೈಡು. ಹೊರಗೆ ಬಂದರೆ ಅಂಗಡಿಸಾಲು, ಹುಲ್ಲಿನ ಮೇಲೆ ಎಲ್ಕ್ ಜಿಂಕೆಗಳು. ನನಗೆ ಮಾತ್ರ ಆ ಕೆಸರೇ ಕಣ್ಣಿಗೆ ಕಟ್ಟಿತ್ತು.

ವಾಪಸಾಗುವಾಗ ಬೆಟ್ಟದ ದಾರಿಯಲ್ಲೇ ದಕ್ಷಿಣಕ್ಕೆ ಇಳಿದು ನೆಡರ್‌ಲ್ಯಾಂಡಿಗೆ ಹೋದೆವು. ಹಬ್ಬ ಹೋದರೂ ಆ ಊರಿನಲ್ಲಿ ಇನ್ನೊಂದಿದೆ, ಅದನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ: ಕ್ಯಾರೊಸೆಲ್ ಆಫ್ ಹ್ಯಾಪಿನೆಸ್, ಒಂದು ತಿರುಗುಯ್ಯಾಲೆ. ಸ್ಕಾಟ್ ಹ್ಯಾರಿಸನ್ ಎಂಬುವರು ವಿಯೆಟ್ನಾಂ ಯುದ್ಧದಲ್ಲಿದ್ದಾಗ ಸಂಗೀತ ನುಡಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಕಿವಿಗೆ ಹಿಡಿದುಕೊಂಡು, ಬೆಟ್ಟದ ಹುಲ್ಲುಗಾವಲಿನಲ್ಲಿ ಇಂಥದ್ದೊಂದು ತಿರುಗುತ್ತಿರುವುದನ್ನು ಕಲ್ಪಿಸಿಕೊಳ್ಳುತ್ತಿದ್ದರಂತೆ. ಊಟಾ ರಾಜ್ಯದಲ್ಲಿ 1910ರ ಕಾಲದ ತಿರುಗುಯ್ಯಾಲೆಯ ಬರೀ ಚೌಕಟ್ಟು ಸಿಕ್ಕಿತು, ಪ್ರಾಣಿಗಳನ್ನೆಲ್ಲ ಯಾರೋ ಮಾರಿಬಿಟ್ಟಿದ್ದರು. ತಂದು, ಮರಗೆತ್ತನೆ ತಾವೇ ಕಲಿತು, 26 ವರ್ಷ ಕೂತು ಐವತ್ತಕ್ಕೂ ಹೆಚ್ಚು ಪ್ರಾಣಿಗಳನ್ನು ಕೆತ್ತಿದರು. 2010ರಲ್ಲಿ ಅದು ತಿರುಗಿತು. ಕೆಲವೇ ಡಾಲರಿನ ಟಿಕೆಟು.

ಮಂಡಿಯ ದೆಸೆಯಿಂದ ಅಮ್ಮ ಪ್ರಾಣಿಯ ಮೇಲೆ ಏರಲಿಲ್ಲ, ಬೆಂಚಿನ ಮೇಲೆ ಕೂತಳು. ನಾನು ಪಕ್ಕದಲ್ಲಿ. ಬ್ಯಾಂಡಿನ ಪೆಟ್ಟಿಗೆ ಕಿವಿಗಡಚಿಕ್ಕುವ ಹಾಗೆ ಬಾರಿಸತೊಡಗಿತು. ಸುತ್ತುವಾಗ ಕಿಟಕಿಯಲ್ಲಿ ಬೆಟ್ಟ ಬರುತ್ತಿತ್ತು, ಪಾರ್ಕಿಂಗ್ ಬರುತ್ತಿತ್ತು, ಮತ್ತೆ ಬೆಟ್ಟ.

ಅಮ್ಮ ಅಲ್ಲಿ ಕೂತು ನನ್ನ ಫೋನಿನಲ್ಲಿ ಹಳೆಯ ಫೋಟೋ ಕೇಳಿದಳು. ‘ಆವತ್ತು ಹಬ್ಬಕ್ಕೆ ಬಂದಿದ್ಯಲ್ಲ, ಇದೇ ಊರಲ್ಲವಾ, ಹೇಗಿತ್ತು ತೋರ್ಸು.’ ಯೋಚಿಸದೆ ಕೊಟ್ಟುಬಿಟ್ಟೆ. ಬೆರಳಲ್ಲಿ ಸರಿಸುತ್ತ ಹೋದಳು: ಪೆಟ್ಟಿಗೆ, ಕೆಸರು, ವೇಷದವರು. ಆಮೇಲೆ ನಿಂತಳು. ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿದಳು. ನನಗೆ ತಟ್ಟನೆ ನೆನಪಾಯಿತು, ಆದರೆ ತಿರುಗುಯ್ಯಾಲೆಯಿಂದ ಇಳಿದು ಓಡೋದು ಎಲ್ಲಿಗೆ?

‘ಇದು ನಾನು ಹೆಣೆದ ಗ್ಲೌಸಲ್ವಾ?’

‘ಹೂಂ.’

‘ಕೈಯಲ್ಲಿರೋದು ಮೀನಾ?’

‘...ಹೂಂ.’

ಒಂದು ಪೂರ್ತಿ ಸುತ್ತು ಅಮ್ಮ ಏನೂ ಮಾತಾಡಲಿಲ್ಲ. ಬೆಟ್ಟ ಬಂತು, ಪಾರ್ಕಿಂಗ್ ಬಂತು. ಫೋನು ನನ್ನ ಕೈಗೆ ಕೊಟ್ಟಳು.

‘ಎಷ್ಟು ದೂರ ಹೋಯ್ತು?’

‘ಹನ್ನೆರಡು ಅಡಿ ಇರಬಹುದು.’

‘ಅಷ್ಟೇನಾ?’